ಮೂರು ಸೆಕೆಂಡಿನ ಪೆಟ್ಟಿಗೆ

ಹೋದ ತಿಂಗಳು ವೃದ್ಧಾಪ್ಯ ಪಿಂಚಣಿಯ ಕೆಲಸಕ್ಕೆಂದು ಕೋಲಾರದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕೂತಿದ್ದೆ. ನಾನಿನ್ನೂ ಬದುಕಿದ್ದೇನೆಂದು ವರ್ಷಕ್ಕೊಮ್ಮೆ ತೋರಿಸಬೇಕು. ಮುಖ ತೋರಿಸಿದೆ, ಬೆರಳು ಒತ್ತಿದೆ. ತೆರೆಯ ಮೇಲೆ ಒಂದು ಸಣ್ಣ ಪೆಟ್ಟಿಗೆ ಚಿಮ್ಮಿ ಬಂತು, ಅದರಲ್ಲಿ ಎರಡು ಸಾಲು ಬರಹ. ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸುವಷ್ಟರಲ್ಲಿ ಅದು ಮುಚ್ಚಿಕೊಂಡುಬಿಟ್ಟಿತು.

"ಏನಮ್ಮಾ ಅದು?" ಎಂದೆ.

"ಏನೋ ಕೇಳ್ತು ತಾತ. ನೀವು ಬೇಡ ಅಂದ್ಬಿಟ್ರಿ," ಎಂದಳು ಅಂಗಡಿಯಾಕೆ.

"ನಾನೆಲ್ಲಿ ಅಂದೆ? ಬಾಯೇ ಬಿಟ್ಟಿಲ್ಲ."

"ಒತ್ಲಿಲ್ಲ ಅಂದ್ರೆ ಬೇಡ ಅಂತ್ಲೇ ತಗೊಳ್ಳುತ್ತೆ. ಮತ್ತೆ ಮೊದ್ಲಿಂದ ಮಾಡ್ಬೇಕು. ಸ್ವಲ್ಪ ಚುರುಕಾಗಿರಿ ತಾತ, ಹಿಂದೆ ಜನ ಕಾಯ್ತಾವ್ರೆ."

ಮತ್ತೆ ಮುಖ, ಮತ್ತೆ ಬೆರಳು. ಈ ಸಲ ಕನ್ನಡಕ ಮೂಗಿನ ಮೇಲೇ ಇತ್ತು, ಆದರೆ ಬೆರಳು ಗುಂಡಿ ತಪ್ಪಿ ಪಕ್ಕಕ್ಕೆ ಬಿತ್ತು. ಪೆಟ್ಟಿಗೆ ಹೋಯಿತು. ಮೈ ಉರಿಯಿತು. ಇದನ್ನು ಮಾಡಿದವನು ಎದುರಿಗೆ ಸಿಕ್ಕಿದ್ದರೆ ಕೊರಳಪಟ್ಟಿ ಹಿಡಿದು ಕೇಳಿಬಿಡುತ್ತಿದ್ದೆ: ಯಾರ ಅವಸರಕ್ಕಯ್ಯಾ ಇದು? ಸುಮ್ಮನಿದ್ದವನ ಬಾಯಿಗೆ ಬೇಡ ಅನ್ನುವ ಮಾತನ್ನು ತುರುಕು ಅಂತ ನಿನಗೆ ಯಾರು ಹೇಳಿದರು?

ಮನಸ್ಸಿನಲ್ಲಿ ಅಷ್ಟು ಬೈದವನು ಅಲ್ಲಿಗೇ ತಡೆದು ನಿಂತೆ. ಅಂಥದೇ ಪೆಟ್ಟಿಗೆಯೊಂದನ್ನು ಕಟ್ಟಿದವನು ನಾನು. ಅದು ಮಾಡಿದ ಅನ್ಯಾಯ ಏನೆಂದು ಚೆನ್ನಾಗಿ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಇದ್ದವನೂ ನಾನೇ. ಅದನ್ನು ಬರೆದಿಡಬೇಕೆಂದು ಈಗ ಕೂತಿದ್ದೇನೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಕೋಲಾರದಲ್ಲಿ ಟೈಪಿಂಗ್ ಹೇಳಿಕೊಡುತ್ತಿದ್ದೆ. ಟೈಪ್‌ರೈಟರ್ ಕೇಳುವವರಿಲ್ಲದಂತಾದಾಗ ಹಳೆಯ ಕಂಪ್ಯೂಟರ್ ಒಂದನ್ನು ಕೊಂಡು ಡಿಟಿಪಿ ಶುರುಮಾಡಿದೆ. ಮದುವೆ ಪತ್ರಿಕೆ, ತಿಥಿ ಕಾರ್ಡು, ಬ್ಯಾನರು. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಪುಸ್ತಕ ಮುಂದಿಟ್ಟುಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಇಂಗ್ಲಿಷ್ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧವನ್ನು ಹಟದಿಂದ ಅರ್ಥ ಮಾಡಿಕೊಳ್ಳುತ್ತಿದ್ದೆ. ಬರೆದದ್ದು ಓಡಿದಾಗ ಆಗುತ್ತಿದ್ದ ಹೆಮ್ಮೆಯನ್ನು ಬೇರೆ ಯಾವ ಕೆಲಸವೂ ನನಗೆ ಕೊಟ್ಟಿಲ್ಲ.

ನಮ್ಮೂರು ವಕ್ಕಲೇರಿಯ ಕಡೆಯದು. ಊರಿನ ಹಾಲಿನ ಡೇರಿಯ ಸೆಕ್ರೆಟರಿ ನನ್ನ ಹೆಂಡತಿಯ ತಮ್ಮ. ಹಾಲನ್ನು ಅಳೆಯುವವನೂ ಅವನೇ, ಪರೀಕ್ಷೆ ಮಾಡುವವನೂ ಅವನೇ, ಕ್ಯಾನು ಎತ್ತುವವನೂ ಅವನೇ. ಹಾಲಿನ ಕೊಬ್ಬು, ಗಟ್ಟಿತನ ನೋಡುವ ಮಿಷನ್ ಒಂದು ಡೇರಿಗೆ ಬಂದಾಗ ಅದಕ್ಕೊಂದು ಕಂಪ್ಯೂಟರ್ ಜೋಡಿಸಿ ಚೀಟಿ ಬರುವಂತೆ ಮಾಡಿಕೊಡು ಎಂದು ನನ್ನನ್ನು ಕೇಳಿದ. ಮಾಡಿಕೊಟ್ಟೆ. ಹಾಲು ಹಾಕುವವರ ನಂಬರು ಒತ್ತಿದರೆ ಸಾಕು, ಮಿಷನ್ ಹೇಳಿದ ಅಂಕಿ ತೆರೆಯ ಮೇಲೆ ಬಂದು, ಪ್ರಿಂಟರಿನಿಂದ ಚೀಟಿ ಹೊರಗೆ ಬೀಳುತ್ತಿತ್ತು.

ಅಂಕಿಯಲ್ಲಿ ಏನಾದರೂ ಕಡಿಮೆ ಕಂಡರೆ ಒಂದು ಪೆಟ್ಟಿಗೆ ಬರುವಂತೆ ಮಾಡಿದ್ದೆ. 'ಹಾಲಿನ ಡಿಗ್ರಿ ಕಡಿಮೆ ಇದೆ. ಮತ್ತೊಮ್ಮೆ ಪರೀಕ್ಷಿಸಬೇಕೆ?' ಎಂದು ಅದರಲ್ಲಿ ಬರೆದು, ಕೆಳಗೆ ಹೌದು, ಇಲ್ಲ ಎಂದು ಎರಡು ಗುಂಡಿ ಇಟ್ಟಿದ್ದೆ. ಊರಿನಲ್ಲಿ ಡಿಗ್ರಿ ಎಂದರೆ ಹಾಲು ಎಷ್ಟು ಗಟ್ಟಿ ಎನ್ನುವ ಅಳತೆ. ಅದು ಇಳಿದರೆ ನೀರು ಬೆರೆತಿದೆ ಎಂದು ಅರ್ಥ.

ಸೆಕ್ರೆಟರಿಗೆ ಈ ಪೆಟ್ಟಿಗೆ ಆಗಿಬರಲಿಲ್ಲ.

"ಭಾವಾ, ನನ್ ಕೈ ನೋಡು," ಎಂದು ಒಂದು ಬೆಳಿಗ್ಗೆ ಎರಡೂ ಅಂಗೈ ಚಾಚಿದ. ಮೊಣಕೈವರೆಗೆ ಹಾಲು. "ಕ್ಯಾನು ಬಗ್ಗಿಸ್ಲಾ, ನಿನ್ ಪೆಟ್ಟಿಗೆ ಒತ್ಲಾ? ಅದು ಬಂದು ಕೂತ್ರೆ ಅಲ್ಲಾಡಲ್ಲ, ಮಾವನ ಮನೆಗೆ ಬಂದ ಅಳಿಯ ಆಡ್ದಂಗೆ ಆಡ್ತೈತೆ. ಕೀಬೋರ್ಡು ಹಾಲು ಕುಡಿದು ಕುಡಿದು ಅಂಟ್ಕೊಂಡೈತೆ. ಕ್ಯೂ ನಿಂತೋಗ್ತೈತೆ."

"ಒತ್ತೋಕೆ ಎಷ್ಟೊತ್ತು ಬೇಕೋ?"

"ನೀನು ಬಂದು ನಿಂತ್ಕೊಂಡು ನೋಡು, ಗೊತ್ತಾಗ್ತೈತೆ. ಅದು ತಾನೇ ಬಂದ್ಮೇಲೆ ತಾನೇ ಹೋಗ್ಲಿ. ಅಂಗೆ ಮಾಡು."

ತಾನೇ ಹೋಗುವಂತೆ ಮಾಡುವುದು ಒಂದು ಗಂಟೆಯ ಕೆಲಸ ಅಂದುಕೊಂಡೆ. ವಾರಗಟ್ಟಲೆ ತಲೆ ಕೆಡಿಸಿತು. ಪೆಟ್ಟಿಗೆ ತೆರೆದುಕೊಂಡಿರುವಷ್ಟು ಹೊತ್ತೂ ಹಿಂದಿನ ಪ್ರೋಗ್ರಾಂ ಕೈಕಟ್ಟಿ ನಿಂತಿರುತ್ತದೆ. ನಿಂತಿರುವುದು ಎದ್ದು ಬಂದು ಪೆಟ್ಟಿಗೆ ಮುಚ್ಚುವುದು ಹೇಗೆ? ಕಂಪ್ಯೂಟರಿನೊಳಗೇ ಇನ್ನೊಂದು ಜಾತಿಯ ಪೆಟ್ಟಿಗೆ ಇದೆ, ಅದಕ್ಕೆ ಇಷ್ಟು ಸೆಕೆಂಡು ಎಂದು ಹೇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ ಎಂದು ಪುಸ್ತಕದಲ್ಲಿ ಸಿಕ್ಕಿತು. ನನ್ನ ಅಂಗಡಿಯಲ್ಲಿ ಮುಚ್ಚಿಕೊಂಡಿತು. ಡೇರಿಯಲ್ಲಿ ಒಮ್ಮೆ ಮುಚ್ಚಿಕೊಂಡರೆ ಇನ್ನೊಮ್ಮೆ ಮೊಂಡು ಹಿಡಿದು ಕೂರುತ್ತಿತ್ತು. ಏಕೆ ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಕೊನೆಗೆ ರೋಸಿಹೋಗಿ ನನ್ನದೇ ಒಂದು ಪೆಟ್ಟಿಗೆ ಕಟ್ಟಿ, ಒಳಗೊಂದು ಗಡಿಯಾರ ಇಟ್ಟೆ. ಮೂರು ಸೆಕೆಂಡು ಆದೊಡನೆ ಮುಚ್ಚಿಕೋ ಎಂದೆ. ಅದು ಒಮ್ಮೆಯೂ ತಪ್ಪಲಿಲ್ಲ.

ಆ ಜಂಜಾಟದ ನಡುವೆ ನಾನು ಬರೆದ ಒಂದು ಸಾಲು ಹೀಗಿತ್ತು: ಉತ್ತರ ಹೌದು ಆಗಿದ್ದರೆ ಮತ್ತೆ ಪರೀಕ್ಷೆ ಮಾಡು, ಹಾಗಲ್ಲದಿದ್ದರೆ ಹಾಲನ್ನು ತಿರಸ್ಕರಿಸು. ಯಾರೂ ಏನೂ ಒತ್ತದೆ ಪೆಟ್ಟಿಗೆ ತಾನೇ ಮುಚ್ಚಿಕೊಂಡರೆ ಉತ್ತರವೇ ಇರುವುದಿಲ್ಲ ಎಂಬುದು ನನ್ನ ತಲೆಗೆ ಬರಲಿಲ್ಲ. ಮುಚ್ಚಿಸುವುದೇ ಅಷ್ಟು ಕಷ್ಟವಾಗಿತ್ತು, ಮುಚ್ಚಿದ ಮೇಲೆ ಏನು ಎಂದು ಯೋಚಿಸುವ ತಾಳ್ಮೆ ಉಳಿದಿರಲಿಲ್ಲ. ಇನ್ನೂ ಒಂದು ಜಾಣತನ ಮಾಡಿದ್ದೆ. ಒಮ್ಮೆ ತಿರಸ್ಕಾರವಾದ ನಂಬರನ್ನು ಆ ಹೊತ್ತಿಗೆ ಮತ್ತೆ ತೆಗೆದುಕೊಳ್ಳಬಾರದು ಎಂದು ಬೀಗ ಹಾಕಿದ್ದೆ. ಪಕ್ಕದ ಮನೆಯ ಹಾಲು ತಂದು ಯಾರೂ ಮೋಸ ಮಾಡಬಾರದಲ್ಲ.

ಕ್ಯೂ ಸರಾಗವಾಗಿ ಓಡಿತು. ಸೆಕ್ರೆಟರಿ ನನಗೆ ಕಾಫಿ ತರಿಸಿಕೊಟ್ಟ.

ಈಗ ಆ ಹೆಂಗಸಿನ ವಿಷಯ ಹೇಳಬೇಕು. ಗಂಡ ತೀರಿಹೋಗಿದ್ದ, ಮನೆಯಲ್ಲಿ ಒಂದು ಹಸು. ಪಕ್ಕದ ಊರಿನ ಶಾಲೆಯಲ್ಲಿ ಮಕ್ಕಳ ಬಿಸಿಯೂಟಕ್ಕೆ ಅಡುಗೆ ಮಾಡುತ್ತಿದ್ದಳು. ಬೆಳಿಗ್ಗೆ ಹಾಲು ಹಾಕಿ, ಹಸುವಿಗೆ ಹುಲ್ಲು ತಂದು, ನಡೆದುಕೊಂಡೇ ಶಾಲೆಗೆ ಹೋಗಬೇಕು. ನಮ್ಮ ಡೇರಿಯಲ್ಲಿ ಮೊದಲು ಎಮ್ಮೆ ಹಾಲು, ಆಮೇಲೆ ಹಸುವಿನ ಹಾಲು. ನಡುವೆ ಮಿಷನ್ನಿನ ಕೊಳವೆಗೆ ನೀರು ಬಿಟ್ಟು ತೊಳೆಯುತ್ತಾರೆ. ಹಸುವಿನ ಸಾಲಿನಲ್ಲಿ ಅವಳು ಎಷ್ಟು ಹಿಂದೆ ನಿಂತಿದ್ದರೂ, "ನೀನು ನಡಿಯೇ ಮುಂದಕ್ಕೆ, ಇಸ್ಕೂಲಿಗೆ ಹೊತ್ತಾಗುತ್ತೆ," ಎಂದು ಹೆಂಗಸರೆಲ್ಲ ಸೇರಿ ಅವಳನ್ನು ಮೊದಲು ಬಿಡುತ್ತಿದ್ದರು. ಅದು ಊರಿನವರು ತಾವಾಗಿ ಮಾಡಿಕೊಂಡ ಪದ್ಧತಿ, ಅವಳು ಕೇಳಿದ್ದಲ್ಲ.

ಕೊಳವೆ ತೊಳೆದ ಮೇಲೆ ಒಳಗೆ ಒಂದಿಷ್ಟು ನೀರು ಉಳಿದಿರುತ್ತದೆ. ಮೊದಲು ಹೋದ ಸ್ಯಾಂಪಲ್ಲಿಗೆ ಆ ನೀರು ಸೇರುತ್ತದೆ, ಡಿಗ್ರಿ ಇಳಿಯುತ್ತದೆ. ಎರಡನೇ ಸಲ ನೋಡಿದರೆ ಸರಿಯಾಗಿರುತ್ತದೆ. ಸೆಕ್ರೆಟರಿಗೆ ಈ ಕಾರಣ ಗೊತ್ತಿರಲಿಲ್ಲ. ಮೊದಲೆಲ್ಲ ಪೆಟ್ಟಿಗೆ ಕೇಳುತ್ತಿತ್ತು, ಅವನು ಗೊಣಗಿಕೊಂಡು ಹೌದು ಒತ್ತುತ್ತಿದ್ದ, ಎರಡನೇ ಸಲ ಸರಿಬರುತ್ತಿತ್ತು. ಈಗ ಅವನು ಬಗ್ಗಿ ಕ್ಯಾನಿನಿಂದ ತಲೆ ಎತ್ತುವಷ್ಟರಲ್ಲಿ ಪೆಟ್ಟಿಗೆ ಬಂದು ಹೋಗಿರುತ್ತಿತ್ತು. ಅವನ ಕೈಗೆ ಸಿಗುತ್ತಿದ್ದುದು ತಿರಸ್ಕಾರದ ಚೀಟಿ.

ಮೊದಲ ದಿನ ಯಾರೂ ಹೆಚ್ಚು ಮಾತಾಡಲಿಲ್ಲ. ಆಮೇಲೆ ಬೆಳಿಗ್ಗೆ ಬೆಳಿಗ್ಗೆ ಅದೇ ಆಗತೊಡಗಿತು. ಸಂಜೆ ಎಮ್ಮೆಯವರು ಹಾಲನ್ನು ಮನೆಗೇ ಇಟ್ಟುಕೊಳ್ಳುತ್ತಿದ್ದುದರಿಂದ ನಡುವೆ ಕೊಳವೆ ತೊಳೆಯುವುದಿರಲಿಲ್ಲ. ಅವಳೂ ಅವಸರವಿಲ್ಲದೆ ಸಾಲಿನ ಹಿಂದೆ ನಿಲ್ಲುತ್ತಿದ್ದಳು, ಆಗ ಅವಳ ಹಾಲು ಚೆನ್ನಾಗಿಯೇ ಇರುತ್ತಿತ್ತು. ಅದೂ ಅವಳ ಮೇಲಿನ ಗುಮಾನಿಯೇ ಆಯಿತು.

"ಬೆಳಿಗ್ಗೆ ಮಬ್ಬಲ್ಲಿ ನೀರು ಸುರ್ಕೊಂಡು ಬರ್ತಾಳೆ. ಸಂಜೆ ಬೆಳಕಿರ್ತೈತಲ್ಲ, ಭಯ," ಎಂದಳು ಅವಳ ಎದುರುಮನೆಯಾಕೆ. ಸಾಲಿನಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲು ಇವಳದು. ಮುಳಬಾಗಿಲಿನ ಗಡಿಯ ಕಡೆಯಿಂದ ಬಂದ ಸೊಸೆ, ಬೈಗುಳಕ್ಕೆ ತೆಲುಗನ್ನೇ ಹಿಡಿಯುತ್ತಿದ್ದಳು. ನೀಳ್ಳಪಾಲು ಎಂದು ಅವಳೇ ಹೆಸರಿಟ್ಟಳು, ನೀರುಹಾಲು ಎಂದರ್ಥ. ಆ ಹೆಸರು ಬೇಗ ಅಂಟಿಕೊಂಡಿತು.

ಬಿಸಿಯೂಟದ ಹೆಂಗಸು ಒಂದು ದಿನ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಕೋಲಾರಕ್ಕೆ, ನನ್ನ ಅಂಗಡಿಗೆ ಬಂದಳು. ಒಳಗೆ ಕೂರಲಿಲ್ಲ.

"ಅಣ್ಣ, ಆ ಕಂಪ್ಯೂಟ್ರು ನೀವೇ ಅಂತೆ ಮಾಡಿರೋದು. ನನ್ ಮೇಲೆ ಅದಕ್ಕೇನು ಸಿಟ್ಟು? ನನ್ ಮಗನ ಮೇಲಾಣೆ, ಒಂದ್ ತೊಟ್ಟು ನೀರು ಹಾಕಿಲ್ಲ. ಒಂದ್ಸಲ ಬಂದು ನೋಡಿ."

ಮಾಲೂರಿನ ಹತ್ತಿರದ ಒಂದು ಡೇರಿಯವರು ಆಗ ತಾನೇ ನನ್ನ ಪ್ರೋಗ್ರಾಂ ನೋಡಿ ಹೋಗಿದ್ದರು. ಶ್ರೀನಿವಾಸಪುರದ ಕಡೆಯಿಂದಲೂ ಒಬ್ಬರು ಕೇಳಿದ್ದರು. ನಾನು ಎಸ್ಸೆಸ್ಸೆಲ್ಸಿ ಓದಿದವನು ಎಂದರೆ ಅವರು ನಂಬಿರಲಿಲ್ಲ. ಆ ಮತ್ತಿನಲ್ಲಿದ್ದೆ. ತಲೆ ಎತ್ತದೆಯೇ ಹೇಳಿದೆ:

"ಮಿಷನ್ನಿಗೆ ಯಾರ ಮೇಲಮ್ಮ ಸಿಟ್ಟು? ಅದು ಇದ್ದದ್ದನ್ನ ಇದ್ದಂಗೆ ಹೇಳುತ್ತೆ."

ಅವಳು ಬಾಗಿಲಿಂದಲೇ ಹೊರಟುಹೋದಳು.

ಆಮೇಲೆ ಒಂದು ಬೆಳಿಗ್ಗೆ ಪ್ರಿಂಟರ್ ಕೈಕೊಟ್ಟಿತೆಂದು ಡೇರಿಗೆ ಹೋದೆ. ಮೇಜಿನ ಹಿಂದೆ ಕೂತು ಕಾಗದ ಸರಿಮಾಡುತ್ತಿದ್ದೆ. ಎಮ್ಮೆ ಹಾಲು ಮುಗಿಯಿತು. ಸೆಕ್ರೆಟರಿ ಕೊಳವೆಗೆ ನೀರು ಬಿಟ್ಟ. ಅವಳು ಮುಂದೆ ಬಂದಳು. ಈಗಲೂ ಅವಳನ್ನು ಮುಂದೆ ಬಿಡುತ್ತಿದ್ದರು, ಆದರೆ ತಮಾಷೆ ನೋಡುವುದಕ್ಕೆ. ಸ್ಯಾಂಪಲ್ ಹೋಯಿತು. ನನ್ನ ಕಣ್ಣೆದುರಿಗೇ ಪೆಟ್ಟಿಗೆ ಚಿಮ್ಮಿತು, ಮತ್ತೊಮ್ಮೆ ಪರೀಕ್ಷಿಸಬೇಕೆ ಎಂದು ಕೇಳಿತು. ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಮುಚ್ಚಿಕೊಂಡಿತು. ಚೀಟಿ ಬಿತ್ತು.

"ಇವತ್ತೂ ನೀರೇನಮ್ಮಾ?" ಎಂದ ಸೆಕ್ರೆಟರಿ.

ಸಾಲಿನಲ್ಲಿ ನಗು. ನನಗೆ ಆ ಕ್ಷಣದಲ್ಲಿ ಎಲ್ಲವೂ ಅರ್ಥವಾಯಿತು: ತೊಳೆದ ನೀರು, ಅವಳ ಸರದಿ, ನನ್ನ ಮೂರು ಸೆಕೆಂಡು, 'ಹಾಗಲ್ಲದಿದ್ದರೆ' ಎಂದು ನಾನು ಬರೆದ ಆ ಸಾಲು. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅವಳು ಖಾಲಿಯಾಗದ ಕ್ಯಾನನ್ನು ಸೊಂಟಕ್ಕೆ ಏರಿಸಿಕೊಂಡು ನನ್ನ ಮುಂದೆಯೇ ಹಾದುಹೋದಳು. ನಾನು ಪ್ರಿಂಟರಿನೊಳಗೆ ಮುಖ ಹುದುಗಿಸಿದೆ.

ಅದೇ ಮಧ್ಯಾಹ್ನ ಪ್ರೋಗ್ರಾಂನ ಆ ಸಾಲನ್ನು ತಿದ್ದಿದೆ. ಡಿಗ್ರಿಯ ಪೆಟ್ಟಿಗೆ ಇನ್ನು ಮುಂದೆ ಯಾರಾದರೂ ಒತ್ತುವ ತನಕ ಕಾಯುವಂತೆ ಮಾಡಿದೆ. ಸೆಕ್ರೆಟರಿ ಕೇಳಿದ್ದಕ್ಕೆ, "ಸಣ್ಣ ರಿಪೇರಿ. ಈ ಪೆಟ್ಟಿಗೆ ಬಂದ್ರೆ ಮಾತ್ರ ಹೌದು ಒತ್ತು," ಎಂದೆ. ತಿದ್ದಿಬಿಟ್ಟೆನಲ್ಲ, ಅಲ್ಲಿಗೆ ಮುಗಿಯಿತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಮುಗಿಯಲಿಲ್ಲ, ಇನ್ನೂ ಕೆಟ್ಟಿತು. ಮರುದಿನದಿಂದ ಅವಳ ಹಾಲು ಸರಿಯಾಗಿ ಬಂತು. ಅದನ್ನು ನೋಡಿ ಎದುರುಮನೆಯಾಕೆ ಕೈ ತಟ್ಟಿದಳು.

"ಚೂಶಾವಾ, ನೋಡಿದ್ಯಾ! ಮಾನ ಹೋದ್ಮೇಲೆ ನೆಟ್ಟಗಾದ್ಲು. ನಾಲ್ಕು ಜನದ ಮುಂದೆ ಅಂದ್ರೇನೇ ಬುದ್ಧಿ ಬರೋದು."

ಅಲ್ಲಿಯವರೆಗೆ ಎದುರುಮನೆಯಾಕೆಯ ಮಾತನ್ನು ಅರೆಬರೆ ನಂಬಿದ್ದವರೂ ಈಗ ಹೌದೆಂದು ತಲೆ ಆಡಿಸಿದರು. ನೀರು ಹಾಕುವುದನ್ನು ನಿಲ್ಲಿಸಿದಳು ಎಂದರೆ ಮೊದಲು ಹಾಕುತ್ತಿದ್ದಳು ಎಂದೇ ಆಯಿತಲ್ಲ. ನಾನು ಗುಟ್ಟಾಗಿ ಮಾಡಿದ ರಿಪೇರಿ ಅವಳ ಮೇಲೆ ಮುದ್ರೆ ಒತ್ತಿತು. ಅವಳು ಕೆಲವು ದಿನ ನೋಡಿ, ನಮ್ಮ ಡೇರಿಗೆ ಬರುವುದನ್ನೇ ಬಿಟ್ಟಳು. ಕ್ಯಾನು ಹೊತ್ತುಕೊಂಡು, ನಮ್ಮ ಡೇರಿಯ ಮುಂದೆಯೇ ಹಾದು, ಪಕ್ಕದ ಊರಿನ ಡೇರಿಗೆ ಹೋಗಿ ಹಾಕತೊಡಗಿದಳು. ಸಂಜೆಯೂ ಅಷ್ಟೇ ದೂರ.

ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿ, "ಈಗ ಹೇಳಿದ್ರೆ ನನ್ ತಮ್ಮನ್ನೂ ಸೇರಿಸಿ ಉಗೀತಾರೆ," ಎಂದಳು. ಮತ್ತೆ ಮೊರಕ್ಕೆ ಕೈ ಹಾಕಿ, "ಆದ್ರೂ ಹೇಳ್ಬೇಕಿತ್ತು ನೀವು," ಎಂದಳು. ನಾನು ಮೊದಲನೆಯ ಮಾತನ್ನಷ್ಟೇ ಹಿಡಿದುಕೊಂಡೆ. ವರ್ಷಗಳು ಹೋದವು. ಡಿಟಿಪಿ ಅಂಗಡಿ ಮುಚ್ಚಿದೆ. ಆ ಹೆಂಗಸಿನ ಮಗ ಹೈಸ್ಕೂಲು ಮುಗಿಸಿದ. ಹಸು ಬದಲಾಯಿತು. ಅವಳ ಹೆಸರು ಮಾತ್ರ ಹಾಗೇ ಉಳಿಯಿತು.

ಪಿಂಚಣಿಯ ಪೆಟ್ಟಿಗೆ ನನ್ನ ಮುಖದ ಮೇಲೆ ಮುಚ್ಚಿಕೊಂಡ ದಿನ ಬಸ್ಸಿಳಿದವನು ಮನೆಗೆ ಹೋಗಲಿಲ್ಲ, ಸೀದಾ ಅವಳ ಮನೆಗೆ ಹೋದೆ. ಹಸುವಿಗೆ ಬೂಸಾ ಕಲಸುತ್ತಿದ್ದಳು. ನಿಂತುಕೊಂಡೇ ಎಲ್ಲ ಹೇಳಿದೆ. ಅವಳು ಕಲಸುತ್ತಲೇ ಇದ್ದಳು.

"ಅಣ್ಣ, ನಾನು ನೀರು ಹಾಕಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತಲ್ಲ," ಎಂದಳು. "ನಂಗ್ಯಾಕೆ ಬಂದು ಹೇಳ್ತೀರಿ? ಗೊತ್ತಿಲ್ದೋರು ಅಲ್ಲಿ ಅವ್ರೆ, ಕ್ಯೂನಲ್ಲಿ. ಅವ್ರಿಗೆ ಹೇಳಿ."

"ಹೇಳ್ತೀನಮ್ಮ."

"ನೋಡಾನ." ಅಷ್ಟೇ. ನೀರು ಬೇಕಾ ಎಂದು ಕೂಡ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಡೇರಿಗೆ ಹೋದೆ. ಎಮ್ಮೆ ಹಾಲು ನಡೆಯುತ್ತಿತ್ತು. ಸಾಲಿನ ಮುಂದೆ ನಿಂತು ಹೇಳತೊಡಗಿದೆ. ಪ್ರೋಗ್ರಾಂ, ಗಡಿಯಾರ, ಗುಂಡಿ. ಯಾರ ತಲೆಗೂ ಏನೂ ಹತ್ತಲಿಲ್ಲ. ಒಬ್ಬ ಫೋನು ನೋಡುತ್ತಿದ್ದ.

"ಭಾವಾ, ಇವತ್ತು ಬಿಪಿ ಮಾತ್ರೆ ತಗಂಡ್ಯಾ?" ಎಂದ ಸೆಕ್ರೆಟರಿ. ಆಮೇಲೆ ಹತ್ತಿರ ಬಂದು ಮೆಲ್ಲಗೆ, "ಹಳೇ ವಿಷ್ಯ ಯಾಕೆ ಕೆದಕ್ತೀಯ, ಡೇರಿ ಮರ್ಯಾದೆ ಹೋಗ್ತೈತೆ," ಎಂದ.

"ಕೊಳವೆ ತೊಳಿ," ಎಂದೆ. "ತೊಳೆದು, ಇವಳ ಹಾಲು ಬಿಡು." ಎದುರುಮನೆಯಾಕೆಯ ಕ್ಯಾನನ್ನು ತೋರಿಸಿದೆ.

"ನಂದ್ಯಾಕೆ? ನನ್ ಹಾಲು ಬೆಣ್ಣೆ ಇದ್ದಂಗೈತೆ, ಇಡೀ ಊರಿಗೆ ಗೊತ್ತು," ಎಂದು ಅವಳು ತಾನೇ ಮುಂದೆ ಬಂದಳು.

ಸ್ಯಾಂಪಲ್ ಹೋಯಿತು. ಪೆಟ್ಟಿಗೆ ಬಂತು: ಹಾಲಿನ ಡಿಗ್ರಿ ಕಡಿಮೆ ಇದೆ. ಸೆಕ್ರೆಟರಿ ಅಭ್ಯಾಸದಂತೆ ಕೈ ಚಾಚಿದ. ನಾನು ಅವನ ಮಣಿಕಟ್ಟು ಹಿಡಿದೆ. ತೆರೆಯನ್ನು ಸಾಲಿನ ಕಡೆ ತಿರುಗಿಸಿದೆ.

"ಓದ್ರೀ. ಅವತ್ತು ಇದು ಮೂರು ಸೆಕೆಂಡು ನಿಂತು ಹೋಗ್ತಿತ್ತು. ಹೋಗಂಗೆ ಮಾಡಿದ್ದು ನಾನು. ಇವನು ಹೌದು ಒತ್ತೋಕೆ ಮುಂಚೇನೇ ಚೀಟಿ ಬರ್ತಿತ್ತು. ಅವಳ ಹಾಲಲ್ಲಿ ನೀರಿರ್ಲಿಲ್ಲ, ಕೊಳವೇಲಿತ್ತು. ಗೊತ್ತಾದ್ಮೇಲೂ ನಾನು ಹೇಳ್ಲಿಲ್ಲ."

ಎದುರುಮನೆಯಾಕೆ ತೆರೆಯನ್ನು ನೋಡಿದಳು, ತನ್ನ ಕ್ಯಾನನ್ನು ನೋಡಿದಳು. "ನಾನು ನೀರು ಹಾಕಿಲ್ಲ, ತಾಯಾಣೆಗೂ ಹಾಕಿಲ್ಲ!" ಎಂದು ಕೂಗಿದಳು. ಹೇಳಿ ಮುಗಿಸುವಷ್ಟರಲ್ಲಿ ಅವಳ ದನಿ ಬಿದ್ದುಹೋಯಿತು. ಇದೇ ಮಾತು, ಇದೇ ಜಾಗದಲ್ಲಿ, ಇನ್ನೊಬ್ಬಳ ಬಾಯಿಂದ ಅವಳು ಕೇಳಿದ್ದಳು.

ಸಾಲಿನಲ್ಲಿದ್ದ ಒಬ್ಬ ಮುದುಕಿ, "ಹಂಗಾದ್ರೆ ನಾವು ಅವಳನ್ನ ಮುಂದೆ ಬಿಟ್ಟಿದ್ದೇ ಮುಳುವಾಯ್ತಾ?" ಎಂದಳು. ನನ್ನನ್ನು ಬೈದರು, ಬೈಯಬೇಕಾದ್ದೇ. ಫೋನು ನೋಡುತ್ತಿದ್ದವನು ಅಷ್ಟು ಹೊತ್ತಿಗೆ ತಲೆ ಎತ್ತಿ, "ಏನಾಯ್ತಂತೆ?" ಎಂದ.

ಆ ಸಂಜೆ ಎದುರುಮನೆಯಾಕೆ ಅವಳ ಮನೆಗೆ ಹೋಗಿದ್ದಳಂತೆ. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ.

ಕೆಲವು ದಿನ ಬಿಟ್ಟು ಒಂದು ಬೆಳಿಗ್ಗೆ ನಾನು ಡೇರಿಯ ಜಗಲಿಯ ಮೇಲೆ ಕೂತಿದ್ದಾಗ ಅವಳು ಕ್ಯಾನು ಹಿಡಿದು ಬಂದು ಸಾಲಿನ ಕೊನೆಯಲ್ಲಿ ನಿಂತಳು. ನನ್ನ ಕಡೆ ನೋಡಲಿಲ್ಲ. ಕೊಳವೆ ತೊಳೆದಾಯಿತು. ಮುಂದೆ ಹೋಗುವವರೇ ಇಲ್ಲ. "ನೀನು ಹೋಗಕ್ಕ." "ಅಯ್ಯೋ ನಂಗೇನು ಅವಸರ, ನೀನೇ ಹೋಗು." ಎಲ್ಲರಿಗೂ ಈಗ ಮೊದಲ ಸ್ಯಾಂಪಲ್ಲಿನ ಭಯ. ಸೆಕ್ರೆಟರಿ ತಲೆ ಚಚ್ಚಿಕೊಂಡ. "ಯಾರಾದ್ರೂ ಬಂದು ಸಾಯ್ರಮ್ಮಾ!"

"ನಾನೇ ಬರ್ತೀನಿ ಬಿಡಿ. ಇಸ್ಕೂಲಿಗೆ ಹೊತ್ತಾಗುತ್ತೆ," ಎಂದು ಅವಳು ಹಿಂದಿನಿಂದ ಮುಂದೆ ಬಂದಳು.

ಪೆಟ್ಟಿಗೆ ಚಿಮ್ಮಿತು. ಸೆಕ್ರೆಟರಿಯ ಬೆರಳು ಕೀಬೋರ್ಡಿನ ಮೇಲೆ ಬರುವುದಕ್ಕೂ ಅವಳು, "ತಡಿ," ಎನ್ನುವುದಕ್ಕೂ ಸರಿಹೋಯಿತು. "ಇದೇನಾ ಅದು? ನಾನು ಒಂದ್ ದಿನಾನೂ ನೋಡಿಲ್ಲ. ಓದ್ತೀನಿ ಇರು."

ಮೇಜಿನ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದತೊಡಗಿದಳು. ಹಾ... ಲಿ... ನ... ಹಿಂದೆ ಸಾಲು ಕಾಯುತ್ತಿತ್ತು. ಯಾರೂ ಬೇಗ ಅನ್ನಲಿಲ್ಲ. ಪೆಟ್ಟಿಗೆ ಅಲ್ಲೇ ಇತ್ತು. ಅವಳು ಎರಡನೆಯ ಸಾಲಿಗೆ ಬಂದಾಗಲೂ ಅಲ್ಲೇ ಇತ್ತು.